ಡೈಪರ್ ಬಿಡುವ ವಯಸ್ಸಿನ ಮಾಯದ ಉರಿ

ಡೈಪರ್ ಕಟ್ಟುವ ಜಾಗದಲ್ಲಿ ಮಗುವಿನ ಚರ್ಮ ಕೆಂಪಾಗಿ, ಮುಟ್ಟಿದರೆ ಉರಿಯುವಂತಾಗಿ, ಕೆಲವೊಮ್ಮೆ ಸಿಪ್ಪೆಯೆದ್ದು ಸುಲಿಯುವ ತೊಂದರೆಗೆ ವೈದ್ಯಕೀಯದಲ್ಲಿ ಡೈಪರ್ ಡರ್ಮಟೈಟಿಸ್, ಅಂದರೆ ಡೈಪರ್ ಜಾಗದ ಚರ್ಮದ ಉರಿಯೂತ ಎಂಬ ಹೆಸರಿದ್ದರೆ, ಮನೆಮಾತಿನಲ್ಲಿ ‘ಮಗುವಿನ ತೊಡೆಸಂದು ಬೆಂದಿದೆ’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಹುಟ್ಟಿದ 9ರಿಂದ 12 ತಿಂಗಳ ನಡುವೆ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆಯಾದರೂ, ಅರ್ಧ ದಿನ ಚಡ್ಡಿಯಲ್ಲಿ, ಅರ್ಧ ದಿನ ಡೈಪರಿನಲ್ಲಿ ಕಳೆಯುವ ಎರಡು, ಎರಡೂವರೆ ವರ್ಷದ ಮಗುವಿನಲ್ಲಿ ಅದರ ಸ್ವಭಾವವೇ ಬೇರೆ: ಮುಲಾಮು ಹಚ್ಚಿದಾಗ ಇಳಿಯುತ್ತದೆ, ನಾಲ್ಕು ದಿನ ಬಿಟ್ಟು ಮತ್ತೆ ಏಳುತ್ತದೆ, ಹೀಗೆ ತಿಂಗಳುಗಟ್ಟಲೆ ಮಾಯದೆ ಉಳಿಯುತ್ತದೆ. ಆಗ ಮನೆಯವರು ಸಾಮಾನ್ಯವಾಗಿ ಇನ್ನೊಂದು ಟ್ಯೂಬಿಗಾಗಿ ಔಷಧಿ ಅಂಗಡಿಗೆ ಹೋಗುತ್ತಾರೆ. ಆದರೆ ಈ ವಯಸ್ಸಿನಲ್ಲಿ ಚರ್ಮದ ಆರೈಕೆಯನ್ನೂ ಒಂದಕ್ಕೆ, ಎರಡಕ್ಕೆ ಕೂರುವ ಕಲಿಕೆಯನ್ನೂ ಬೇರೆ ಬೇರೆ ಕೆಲಸಗಳೆಂದು ತಿಳಿದಷ್ಟು ದಿನವೂ ಎರಡೂ ನೆಟ್ಟಗಾಗುವುದಿಲ್ಲ.

ಚರ್ಮ ಬೇಯುವ ಕ್ರಮ ಹೀಗಿದೆ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿರುತ್ತದೆ. ಆಮ್ಲ ಮತ್ತು ಕ್ಷಾರವನ್ನು ಅಳೆಯುವ ಪಿಎಚ್ ಮಾಪನದಲ್ಲಿ ಅದು ಸುಮಾರು 5.5ರಷ್ಟಿದ್ದು, ಹೊರಗಿನ ಸೂಕ್ಷ್ಮಜೀವಿಗಳನ್ನು ತಡೆಯುವ ಬೇಲಿಯಂತೆ ಕೆಲಸ ಮಾಡುತ್ತದೆ. ಬಹಳ ಹೊತ್ತು ನೀರಿನಲ್ಲಿದ್ದ ಬೆರಳ ತುದಿಯಂತೆ ಒದ್ದೆಯಲ್ಲಿ ನೆನೆದ ಚರ್ಮ ಮೆತ್ತಗಾಗಿ ಬಟ್ಟೆಯ ತಿಕ್ಕಾಟವನ್ನು ತಾಳದಾಗುತ್ತದೆ, ಮತ್ತು ಅದೇ ಹೊತ್ತಿನಲ್ಲಿ ಮಲದಲ್ಲಿರುವ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವುದರಿಂದ ಮೇಲ್ಮೈ ಕ್ಷಾರದ ಕಡೆಗೆ ವಾಲುತ್ತದೆ. ಅಮೋನಿಯಾವೇ ಚರ್ಮವನ್ನು ಸುಡುತ್ತದೆ ಎಂದು ಬಹಳ ಕಾಲ ನಂಬಲಾಗಿತ್ತು; 1970 ಮತ್ತು 80ರ ದಶಕಗಳ ಸಂಶೋಧನೆಗಳು ತೋರಿಸಿಕೊಟ್ಟದ್ದು ಬೇರೆಯೇ. ಆಹಾರದಲ್ಲಿರುವ ಪ್ರೋಟೀನು ಮತ್ತು ಕೊಬ್ಬನ್ನು ಒಡೆದು ಅರಗಿಸುವ ಕಿಣ್ವಗಳು ಮಲದೊಡನೆ ಹೊರಬರುತ್ತವೆ, ಕ್ಷಾರೀಯ ವಾತಾವರಣ ಸಿಕ್ಕೊಡನೆ ಅವು ಚುರುಕಾಗುತ್ತವೆ, ಮತ್ತು ಎದುರಿಗೆ ಆಹಾರವಿಲ್ಲದಾಗ ಮಗುವಿನ ಚರ್ಮವನ್ನೇ ಅರಗಿಸತೊಡಗುತ್ತವೆ. ಮೂತ್ರ ಮಾತ್ರ ತಾಗಿದ ಚರ್ಮಕ್ಕಿಂತ ಮೂತ್ರ ಮತ್ತು ಮಲ ಎರಡೂ ಕೂಡಿ ತಾಗಿದ ಚರ್ಮ ಬೇಗ ಕೆಡುವುದಕ್ಕೂ, ಭೇದಿಯಾದಾಗ ಒಂದೇ ದಿನದಲ್ಲಿ ತೊಡೆಸಂದು ರಣವಾಗುವುದಕ್ಕೂ ಇದೇ ಕಾರಣ.

ಚಿತ್ರದುರ್ಗ ಜಿಲ್ಲೆಯನ್ನೇ ನೋಡಿದರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಲ್ಲಿ ಒಂದು ತಲೆಮಾರಿನ ಹಿಂದೆ ಹಸುಗೂಸಿಗೆ ಹಳೆಯ ಹತ್ತಿ ಸೀರೆಯನ್ನೋ ಪಂಚೆಯನ್ನೋ ಹರಿದು ಮಾಡಿದ ಲಂಗೋಟಿ ಕಟ್ಟುತ್ತಿದ್ದರು. ಅಂಬೆಗಾಲಿಕ್ಕುವ ಮಗು ಹಗಲೆಲ್ಲ ಉಡಿದಾರವೊಂದನ್ನು ಬಿಟ್ಟರೆ ಸೊಂಟದ ಕೆಳಗೆ ಬೇರೇನೂ ಇಲ್ಲದೆ ಜಗಲಿಯಲ್ಲೂ ಅಂಗಳದಲ್ಲೂ ಓಡಾಡಿಕೊಂಡಿರುತ್ತಿತ್ತು. ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ, ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವಷ್ಟು ಗಾಳಿಯಿರುವ ಈ ಬಯಲುಸೀಮೆಯಲ್ಲಿ ಒದ್ದೆಯಾದ ಬಟ್ಟೆಯೂ ಒದ್ದೆಯಾದ ಚರ್ಮವೂ ಬೇಗ ಆರುತ್ತಿದ್ದುದರಿಂದ, ಚರ್ಮ ನೆನೆಯುವ ಹೊತ್ತು ತಾನಾಗಿಯೇ ಕಡಿಮೆಯಿತ್ತು. ಅಮೆರಿಕದಲ್ಲಿ 1961ರಲ್ಲಿ ಮಾರುಕಟ್ಟೆಗೆ ಬಂದ ಪ್ಯಾಂಪರ್ಸ್ ಎಂಬ ಹೆಸರು ಈಗ ಇಲ್ಲಿನ ಬಾಯಿಮಾತಿನಲ್ಲಿ ಎಲ್ಲ ಬಗೆಯ ಬಳಸಿ ಬಿಸಾಡುವ ಡೈಪರಿಗೂ ಸಲ್ಲುತ್ತದೆ, ಮತ್ತು ಸಣ್ಣ ಅಂಗಡಿಗಳಲ್ಲೂ ಅದು ಬಿಡಿಯಾಗಿ ಸಿಗುತ್ತದೆ. ಮೂತ್ರವನ್ನು ಹೀರಿ ಅಂಟಿನಂತೆ ಹಿಡಿದಿಡುವ ಪಾಲಿಮರ್ ಪುಡಿ ಇಂದಿನ ಡೈಪರಿನೊಳಗೆ ಇರುವುದರಿಂದ ಅದು ಹಳೆಯ ಒದ್ದೆ ಬಟ್ಟೆಗಿಂತ ಚರ್ಮವನ್ನು ಒಣಗಿಸಿಡುತ್ತದೆ ಎಂಬುದು ನಿಜ. ಹಾಗಾಗಿ ಡೈಪರನ್ನೇ ದೂರುವುದು ನ್ಯಾಯವಲ್ಲ. ಆದರೆ ಒಣಗಿದಂತೆ ಕಾಣುವ ಆ ಗುಣವೇ ಅದನ್ನು ಆರೆಂಟು ಗಂಟೆ ಬದಲಿಸದೆ ಬಿಡುವ ಅಭ್ಯಾಸಕ್ಕೂ ದಾರಿಮಾಡಿತು. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಗೋ ಮದುವೆಗೋ ಬಸ್ಸಿನಲ್ಲಿ ಹೋಗುವಾಗ ಬೆಳಿಗ್ಗೆ ಹಾಕಿದ ಡೈಪರ್ ಸಂಜೆ ಮನೆಗೆ ಬಂದ ಮೇಲೆ ಬಿಚ್ಚಿದರೆ, ಮೂತ್ರವನ್ನು ಪುಡಿ ಹೀರಿಕೊಂಡಿದ್ದರೂ ಮಲ ಮಾತ್ರ ಚರ್ಮಕ್ಕೆ ಅಂಟಿಕೊಂಡೇ ಉಳಿದಿರುತ್ತದೆ.

ಈ ಸೀಮೆಗೆ ವಿಶೇಷವಾದ ಇನ್ನೊಂದು ಸಂಗತಿ ನೀರು. ಚಿತ್ರದುರ್ಗ ಮತ್ತು ಹಿರಿಯೂರು ಪಟ್ಟಣಗಳಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದ ನೀರು ಬರುತ್ತದೆಯಾದರೂ, ಹಳ್ಳಿಗಳಲ್ಲಿ ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಬೋರ್‌ವೆಲ್ ನೀರನ್ನು ನೆಚ್ಚಿಕೊಂಡ ಮನೆಗಳೇ ಬಹಳ, ಮತ್ತು ಆ ನೀರು ಎಷ್ಟೋ ಕಡೆ ಗಡಸು. ಜಿಲ್ಲೆಯ ಅಂತರ್ಜಲದ ಫ್ಲೋರೈಡಿನ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಗಡಸುತನದ ಬಗ್ಗೆ, ಅದೂ ಮಗುವಿನ ಚರ್ಮದ ಸಂಬಂಧವಾಗಿ, ಯಾರೂ ಅಷ್ಟು ಯೋಚಿಸುವುದಿಲ್ಲ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ನೀರಿನಲ್ಲಿ ಕರಗದ ಬಿಳಿಯ ಗಷ್ಟಾಗುತ್ತವೆ. ನೊರೆ ಬಾರದ ಕಾರಣ ಸಾಬೂನು ಇನ್ನಷ್ಟು ಹಾಕಲಾಗುತ್ತದೆ, ಹಾಕಿದ್ದು ಪೂರ್ತಿ ಜಾಲಿಸಿ ಹೋಗುವುದಿಲ್ಲ, ಮತ್ತು ಚಡ್ಡಿಯ ಎಳೆಗಳಲ್ಲೂ ತೊಡೆಸಂದಿನ ಮಡಿಕೆಗಳಲ್ಲೂ ಉಳಿದುಕೊಂಡ ಆ ಶೇಷ ಮೊದಲೇ ನೊಂದ ಚರ್ಮವನ್ನು ಮತ್ತಷ್ಟು ಕೆಣಕುತ್ತದೆ. ಆದ್ದರಿಂದ ಬೆಂದ ಚರ್ಮಕ್ಕೆ ಪ್ರತಿ ಸಲವೂ ಸಾಬೂನು ಹಚ್ಚುವ ಬದಲು ಉಗುರುಬೆಚ್ಚಗಿನ ಬರಿ ನೀರು ಹೊಯ್ದು ತೊಳೆಯುವುದು, ಚಡ್ಡಿ ಮತ್ತು ಲಂಗೋಟಿಗಳನ್ನು ಕೊನೆಯ ಸಲ ಜಾಲಿಸುವುದಕ್ಕಾದರೂ ನಲ್ಲಿಯ ಸಿಹಿನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸುವುದು, ಅವುಗಳನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸುವುದು ಇಲ್ಲಿ ಮುಲಾಮಿನಷ್ಟೇ ಮುಖ್ಯವಾದ ಚಿಕಿತ್ಸೆ. ಪ್ರಯಾಣದಲ್ಲಿ ಬಳಸುವ ಒದ್ದೆ ವೈಪುಗಳಲ್ಲಿ ಪರಿಮಳ ಸೇರಿಸಿದವು ರಣವಾದ ಚರ್ಮಕ್ಕೆ ತಾಗಿದರೆ ಚುರುಗುಟ್ಟುತ್ತವೆ. ಶುದ್ಧ ನೀರಿನಲ್ಲಿ ಅದ್ದಿದ ಮೆತ್ತನೆಯ ಹತ್ತಿ ಬಟ್ಟೆ ಅವುಗಳಿಗಿಂತ ಮೇಲು.

ಇಷ್ಟಾದರೂ ಉರಿ ಮರುಕಳಿಸುತ್ತಿದ್ದರೆ, ಈ ವಯಸ್ಸಿನ ಮಕ್ಕಳಲ್ಲಿ ಮೊದಲು ನೋಡಬೇಕಾದದ್ದು ಚರ್ಮವನ್ನಲ್ಲ, ಹೊಟ್ಟೆಯನ್ನು. ಎರಡಕ್ಕೆ ಹೋದಾಗ ಉರಿದದ್ದು ಮಗುವಿಗೆ ನೆನಪಿರುತ್ತದೆ. ಮಾತು ಇನ್ನೂ ಪೂರ್ತಿ ಬಾರದ ಆ ಮಗು ಮತ್ತೆ ಉರಿಯಬಾರದೆಂದು ಮಲವನ್ನು ತಡೆಹಿಡಿಯುತ್ತದೆ, ಬಾಗಿಲ ಸಂದಿಗೆ ಹೋಗಿ ನಿಂತು ಕಾಲುಗಳನ್ನು ಬಿಗಿಮಾಡುತ್ತದೆ, ಮುಖ ಕೆಂಪಗೆ ಮಾಡಿಕೊಳ್ಳುತ್ತದೆ. ಮಗು ಎರಡಕ್ಕೆ ಹೋಗಲು ತಿಣುಕುತ್ತಿದೆ ಎಂದು ನೋಡಿದವರು ತಿಳಿಯುತ್ತಾರೆ, ಅದು ಮಾಡುತ್ತಿರುವುದು ಅದರ ತಿರುಗುಮುರುಗನ್ನು. ಒಳಗೆ ಉಳಿದ ಮಲದಿಂದ ಕರುಳು ನೀರನ್ನು ಹೀರಿಕೊಳ್ಳುತ್ತಲೇ ಹೋಗುವುದರಿಂದ ಅದು ಗಟ್ಟಿಯಾಗಿ, ಮುಂದಿನ ಸಲ ಗುದದ್ವಾರವನ್ನು ಸೀಳಿಕೊಂಡು ಹೊರಬೀಳುತ್ತದೆ, ಭಯ ಇಮ್ಮಡಿಯಾಗುತ್ತದೆ. ಕೆಲವು ವಾರ ಹೀಗೆ ನಡೆದರೆ ಗಟ್ಟಿ ಮಲದ ಪಕ್ಕದಿಂದ ತೆಳುವಾದ ಮಲ ಮಗುವಿಗೆ ತಿಳಿಯದಂತೆಯೇ ಜಿನುಗತೊಡಗುತ್ತದೆ. ದಿನಕ್ಕೆ ನಾಲ್ಕಾರು ಸಲ ಚಡ್ಡಿ ಕೊಳೆಯಾಗುವುದನ್ನು ಕಂಡ ಮನೆಯವರು ಭೇದಿಯೆಂದು ತಿಳಿದು ಅದನ್ನು ಕಟ್ಟಿಸುವ ಔಷಧಿ ಕೊಡುತ್ತಾರೆ ಅಥವಾ ಮಗು ಬೇಕೆಂದೇ ಮಾಡುತ್ತಿದೆ ಎಂದು ಗದರುತ್ತಾರೆ, ಮತ್ತು ಹಾಗೆ ಜಿನುಗಿದ ಮಲ ಅದೇ ಚರ್ಮವನ್ನು ಹಗಲೂ ಇರುಳೂ ಬೇಯಿಸುತ್ತದೆ. ಉರಿಯಿಂದ ತಡೆ, ತಡೆಯಿಂದ ಮಲಬದ್ಧತೆ, ಮಲಬದ್ಧತೆಯಿಂದ ಸೋರಿಕೆ, ಸೋರಿಕೆಯಿಂದ ಮತ್ತೆ ಉರಿ ಎಂಬ ಈ ಸುತ್ತನ್ನು ಯಾವ ಮುಲಾಮೂ ಒಂಟಿಯಾಗಿ ಕಡಿಯಲಾರದು. ಮಲವನ್ನು ಮೆತ್ತಗಾಗಿಸುವ ಲ್ಯಾಕ್ಟುಲೋಸ್‌ನಂಥ ಔಷಧಿಯನ್ನು ವೈದ್ಯರು ಹೇಳಿದ ಅಳತೆಯಲ್ಲಿ, ಅವರು ಹೇಳಿದಷ್ಟು ದಿನವೂ ಕೊಡಬೇಕಾಗುತ್ತದೆ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು, ಅದರ ಜೊತೆ ಬಿಸ್ಕತ್ತು ಎಂಬ ಊಟದ ಕ್ರಮವಿದ್ದರೆ ಅದನ್ನು ತಗ್ಗಿಸಿ, ಈ ಸೀಮೆಯ ಮನೆಗಳಲ್ಲಿ ದಿನವೂ ಇರುವ ರಾಗಿ, ಸೊಪ್ಪಿನ ಸಾರು, ಪರಂಗಿ ಹಣ್ಣು ಮತ್ತು ಸಾಕಷ್ಟು ನೀರು ಮಗುವಿನ ತಟ್ಟೆಗೂ ಲೋಟಕ್ಕೂ ಬರುವಂತೆ ಮಾಡಬೇಕಾಗುತ್ತದೆ.

ಚರ್ಮದ ನೇರ ಆರೈಕೆಯ ತತ್ತ್ವ ಸರಳ: ಒಣಗಿಸಿ, ಆಮೇಲೆ ಮುಚ್ಚುವುದು. ತೊಳೆದ ಮೇಲೆ ಉಜ್ಜದೆ, ಬಟ್ಟೆಯನ್ನು ಮೆಲ್ಲಗೆ ಒತ್ತಿ ನೀರು ಹೀರಿಸಿ, ಸಾಧ್ಯವಿದ್ದಷ್ಟು ಹೊತ್ತು ಗಾಳಿಗೆ ಬಿಟ್ಟು, ನಂತರ ಜಿಂಕ್ ಆಕ್ಸೈಡ್ ಇರುವ ಬಿಳಿಯ ಮುಲಾಮನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಚರ್ಮ ಕಾಣದಷ್ಟು ದಪ್ಪಗೆ ಬಳಿಯಬೇಕು. ಇವು ಮಲಮೂತ್ರಗಳಿಗೂ ಚರ್ಮಕ್ಕೂ ನಡುವೆ ಗೋಡೆಯಾಗಿ ನಿಲ್ಲುತ್ತವೆ. ಪ್ರತಿ ಸಲ ತೊಳೆಯುವಾಗಲೂ ಹಳೆಯ ಪದರವನ್ನು ಪೂರ್ತಿ ಕಿತ್ತು ತೆಗೆಯುವ ಅಗತ್ಯವಿಲ್ಲ, ಮೇಲಿನ ಕೊಳೆಯಷ್ಟನ್ನು ತೆಗೆದು ಅದರ ಮೇಲೆಯೇ ಮತ್ತೆ ಬಳಿಯಬಹುದು. ತೆಂಗಿನ ಸೀಮೆಯಾದ ಹೊಸದುರ್ಗದ ಕಡೆ ಕೈಗೆ ಸುಲಭವಾಗಿ ಸಿಗುವ ಕೊಬ್ಬರಿ ಎಣ್ಣೆ ಹಗುರವಾದ ಕೆಂಪಿಗೆ ಒಳ್ಳೆಯದೇ, ಆದರೆ ತೆಳುವಾದ ಆ ಪದರ ಭೇದಿಯ ಎದುರು ನಿಲ್ಲುವುದಿಲ್ಲ. ಪೌಡರ್ ಮಾತ್ರ ಬೇಡ: ಟಾಲ್ಕಂ ಪುಡಿ ಮಗುವಿನ ಉಸಿರಿನೊಡನೆ ಶ್ವಾಸಕೋಶಕ್ಕೆ ಹೋಗುತ್ತದೆ, ಬೋರಿಕ್ ಪುಡಿಯಂತೂ ಸುಲಿದ ಚರ್ಮದ ಮೂಲಕ ರಕ್ತಕ್ಕೆ ಸೇರಿ ವಿಷವಾಗಬಲ್ಲದು.

ಮೂರು ದಿನಗಳ ಇಂಥ ಆರೈಕೆಗೂ ಇಳಿಯದ ಗುಳ್ಳೆಯಲ್ಲಿ ಕ್ಯಾಂಡಿಡಾ ಎಂಬ ಬೂಸ್ಟಿನ ಜಾತಿಯ ಸೂಕ್ಷ್ಮಜೀವಿ ಸೇರಿಕೊಂಡಿರುವ ಸಾಧ್ಯತೆ ಹೆಚ್ಚು, ಅದರಲ್ಲೂ ಮಗು ಇತ್ತೀಚೆಗೆ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ. ಬರಿಯ ಒದ್ದೆಯಿಂದಾದ ಉರಿ ಉಬ್ಬಿದ ಭಾಗಗಳಲ್ಲಿದ್ದು ತೊಡೆಯ ಮಡಿಕೆಯ ಒಳಗನ್ನು ಬಿಟ್ಟಿರುತ್ತದೆ. ಕ್ಯಾಂಡಿಡಾ ಮಡಿಕೆಯೊಳಗೇ ಕಡುಗೆಂಪಾಗಿ ಹರಡಿ, ಅಂಚಿನಾಚೆ ಬಿಡಿಬಿಡಿಯಾದ ಕೆಂಪು ಚುಕ್ಕೆಗಳನ್ನು ಎಬ್ಬಿಸುತ್ತದೆ. ಕ್ಲೋಟ್ರಿಮಜೋಲ್ ಅಥವಾ ಮೈಕೊನಜೋಲ್ ಮುಲಾಮನ್ನು ವೈದ್ಯರು ಸೂಚಿಸಿದಂತೆ ಹಚ್ಚಿದರೆ ಇದು ಮಾಯುತ್ತದೆ. ಅಪಾಯವಿರುವುದು ಬೇರೆಡೆ: ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮತ್ತು ಬೀಟಾಮೆಥಾಸೋನ್ ಅಥವಾ ಕ್ಲೊಬೆಟಾಸೋಲ್‌ನಂಥ ಪ್ರಬಲ ಸ್ಟೀರಾಯ್ಡ್ ಮೂರನ್ನೂ ಒಂದರಲ್ಲೇ ಬೆರೆಸಿದ ಟ್ಯೂಬುಗಳಲ್ಲಿ. ಅವು ಎರಡೇ ದಿನದಲ್ಲಿ ಕೆಂಪನ್ನು ಇಳಿಸುವುದರಿಂದ ಅಕ್ಕಪಕ್ಕದ ಮನೆಯವರ ಬಾಯಲ್ಲಿ ರಾಮಬಾಣವಾಗುತ್ತವೆ. ಡೈಪರಿನ ಮುಚ್ಚಳದಡಿ ಆ ಸ್ಟೀರಾಯ್ಡ್ ಹೆಚ್ಚಿನ ಪ್ರಮಾಣದಲ್ಲಿ ಒಳಗಿಳಿದು ಚರ್ಮವನ್ನು ತೆಳುವಾಗಿಸುತ್ತದೆ, ಬಹಳ ದಿನ ಬಳಸಿದರೆ ಮಗುವಿನ ದೇಹದ ಹಾರ್ಮೋನುಗಳ ಸಮತೋಲವನ್ನೇ ಕೆಡಿಸುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹಚ್ಚುವ ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದ್ದು ಈ ಬಗೆಯ ದುರ್ಬಳಕೆಯ ಕಾರಣದಿಂದಲೇ.

ಗುದದ್ವಾರದ ಸುತ್ತ ಗೆರೆ ಎಳೆದಂತೆ ಸ್ಪಷ್ಟ ಅಂಚಿನ ಕೆಂಪು ವೃತ್ತವಿದ್ದು ಎರಡಕ್ಕೆ ಹೋಗುವಾಗ ನೋವಾಗುತ್ತಿದ್ದರೆ ಅದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಾಗಿರಬಹುದು, ಅದಕ್ಕೆ ಬಾಯಿಯ ಮೂಲಕ ಕೊಡುವ ಔಷಧಿ ಬೇಕು. ರಾತ್ರಿ ಮಾತ್ರ ನೆವೆಯಿದ್ದರೆ ಸಣ್ಣ ದಾರದಂಥ ಹುಳುವನ್ನೂ, ಮನೆಯ ಉಳಿದವರಿಗೂ ನೆವೆಯಿದ್ದರೆ ಕಜ್ಜಿಯನ್ನೂ ಶಂಕಿಸಬೇಕು. ಡೈಪರ್ ಜಾಗದ ಜೊತೆಗೆ ಬಾಯಿಯ ಸುತ್ತ, ಕೈಕಾಲುಗಳಲ್ಲಿ ಗುಳ್ಳೆಯೆದ್ದು, ಕೂದಲುದುರಿ, ಭೇದಿಯೂ ಇದ್ದರೆ ಅದು ಸತುವಿನ, ಅಂದರೆ ಜಿಂಕ್ ಧಾತುವಿನ ಕೊರತೆಯ ಗುರುತು. ಸಾಮಾನ್ಯ ಭೇದಿಯಲ್ಲೂ ಆರು ತಿಂಗಳು ದಾಟಿದ ಮಗುವಿಗೆ ಓಆರ್‌ಎಸ್ ಜೊತೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಮಾತ್ರೆಯನ್ನು 14 ದಿನ ಕೊಡುವುದು ನಿಗದಿಯಾದ ಚಿಕಿತ್ಸೆಯಾಗಿದ್ದು, ಆಶಾ ಕಾರ್ಯಕರ್ತೆಯರ ಬಳಿ ಎರಡೂ ಉಚಿತವಾಗಿ ದೊರೆಯುತ್ತವೆ. ಭೇದಿ ನಿಂತಿತೆಂದು ಮೂರನೆಯ ದಿನಕ್ಕೇ ಮಾತ್ರೆ ನಿಲ್ಲಿಸಬಾರದು. ಜ್ವರ, ಕೀವು, ನೀರುಗುಳ್ಳೆ ಅಥವಾ ರಕ್ತ ಕಂಡರೆ ಕಾಯದೆ ತಾಲ್ಲೂಕು ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಹೋಗುವುದು ಒಳಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ನೋಡುವಾಗ ಚರ್ಮದ ತೊಂದರೆಗಳನ್ನೂ ಪರೀಕ್ಷಿಸುತ್ತವೆ. ಮೈಮುಚ್ಚಿದ ಜಾಗದ ತೊಂದರೆಯನ್ನು ತಾಯಂದಿರು ತಾವಾಗಿ ಹೇಳದಿದ್ದರೆ ಅದು ಆ ತಂಡದವರ ಕಣ್ಣಿಗೂ ಬೀಳುವುದಿಲ್ಲ.

ಕೂರುವ ಕಲಿಕೆಗೆ ಈ ನಾಡಿನಲ್ಲಿ ಹಳೆಯ ದಾರಿಯೊಂದಿದೆ. ತಾಯಿಯೋ ಅಜ್ಜಿಯೋ ನೆಲದ ಮೇಲೆ ಕುಳಿತು, ಎರಡು ಪಾದಗಳನ್ನು ಮುಂದೆ ಚಾಚಿ, ಅವುಗಳ ಮೇಲೆ ಮಗುವನ್ನು ಕುಕ್ಕರಗಾಲಿನಲ್ಲಿ ಕೂರಿಸಿ ಬಾಯಿಂದ ‘ಸ್ಸ್’ ಎಂದು ಸದ್ದು ಮಾಡುತ್ತಾರೆ. ಆ ಸದ್ದನ್ನೂ ಭಂಗಿಯನ್ನೂ ಮಗು ಮಾತು ಬರುವ ಮೊದಲೇ ಗುರುತಿಸುತ್ತದೆ. ಮಂಡಿ ಸೊಂಟಕ್ಕಿಂತ ಮೇಲೆ ಬರುವ ಕುಕ್ಕರಗಾಲು ಮಲವಿಸರ್ಜನೆಗೆ ಸುಲಭವಾದ ಭಂಗಿ, ಅದರ ಜೊತೆಗೆ ಹಿಡಿದುಕೊಂಡವರ ಮೈಯ ಬಿಸುಪು ಹೆದರಿದ ಮಗುವಿಗೆ ಧೈರ್ಯ ಕೊಡುತ್ತದೆ. ಪ್ಲಾಸ್ಟಿಕ್ ಪಾಟಿಯೇ ಇದ್ದರೂ ಕಾಲು ನೆಲಕ್ಕೆ ಊರುವಷ್ಟು ತಗ್ಗಿರಬೇಕು. ಅಮೆರಿಕದ ಮಕ್ಕಳ ವೈದ್ಯ ಬ್ರೆಜಲ್ಟನ್ 1962ರಲ್ಲಿ ಮಂಡಿಸಿದ, ಮಗುವಿನ ಸಿದ್ಧತೆಯನ್ನು ಕಾದು ಒತ್ತಾಯವಿಲ್ಲದೆ ಕಲಿಸಬೇಕೆಂಬ ವಿಚಾರವನ್ನು ಇಂದಿನ ವೈದ್ಯರು ಬಹುಮಟ್ಟಿಗೆ ಒಪ್ಪುತ್ತಾರೆ, ಮತ್ತು ಚರ್ಮ ರಣವಾಗಿರುವ ವಾರದಲ್ಲಿ ಆ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಊಟವಾದ ಕಾಲು ಗಂಟೆಯ ಮೇಲೆ ಕರುಳು ತಾನಾಗಿ ಚಲಿಸುವ ಹೊತ್ತಿಗೆ ಐದು ನಿಮಿಷ ಕೂರಿಸುವುದು, ಕೂರಿಸುವ ಮೊದಲು ಗುದದ್ವಾರದ ಸುತ್ತ ಮುಲಾಮು ಬಳಿದು ಉರಿ ತಗ್ಗಿಸುವುದು, ಎದ್ದ ಮೇಲೆ ಅರ್ಧ ಗಂಟೆ ಚಡ್ಡಿಯಿಲ್ಲದೆ ಆಡಲು ಬಿಡುವುದು: ಈ ಮೂರು ಕೆಲಸಗಳಲ್ಲಿ ಕಲಿಕೆ ಮತ್ತು ಚಿಕಿತ್ಸೆ ಎರಡೂ ಒಟ್ಟಿಗೇ ನಡೆಯುತ್ತವೆ. ಅಂಗನವಾಡಿಗೆ ಸೇರುವ ಮೂರು ವರ್ಷದ ಮಗುವಿನ ಚೀಲದಲ್ಲಿ ಎರಡು ಒಣ ಚಡ್ಡಿಯಿಟ್ಟು, ಒದ್ದೆಯಾದರೆ ಬೈಯದೆ ಬದಲಿಸುವಂತೆ ಕಾರ್ಯಕರ್ತೆಗೆ ಹೇಳಿಡುವುದೂ ಅಷ್ಟೇ ಅಗತ್ಯ, ಏಕೆಂದರೆ ಬೈಗುಳಕ್ಕೆ ಹೆದರಿದ ಮಗು ಒದ್ದೆ ಚಡ್ಡಿಯಲ್ಲೇ ಸುಮ್ಮನೆ ಕುಳಿತುಬಿಡುತ್ತದೆ.

ಹಗಲಿನ ಡೈಪರ್ ಬಿಟ್ಟ ಎಷ್ಟೋ ತಿಂಗಳ ನಂತರವೂ ರಾತ್ರಿಯದು ಉಳಿಯುತ್ತದೆ. ನಿದ್ದೆಯಲ್ಲಿ ಮೂತ್ರ ತಡೆಯುವ ಶಕ್ತಿ ದೇಹದ ಬೆಳವಣಿಗೆಯಿಂದ ಬರುವಂಥದ್ದಾಗಿದ್ದು, ಐದು ವರ್ಷದವರೆಗೆ ಹಾಸಿಗೆ ಒದ್ದೆಯಾಗುವುದು ಸಹಜವೇ ಆದ್ದರಿಂದ, ಅದನ್ನು ಅವಸರದಿಂದ ಬಿಡಿಸಿ ಮಗುವನ್ನು ಒದ್ದೆ ಕೌದಿಯ ಮೇಲೆ ಮಲಗಿಸುವುದರಿಂದ ಚರ್ಮಕ್ಕೆ ಲಾಭವಿಲ್ಲ. ಮಲಗುವ ಮುನ್ನ ಒಂದಕ್ಕೆ ಕೂರಿಸಿ, ಮುಲಾಮನ್ನು ಹಗಲಿಗಿಂತ ದಪ್ಪಗೆ ಬಳಿದು, ಸೊಂಟಕ್ಕೆ ಬಿಗಿಯಾಗದ ಅಳತೆಯ ಡೈಪರ್ ಹಾಕಿ, ನಡುರಾತ್ರಿ ಮಲದ ವಾಸನೆ ಬಂದರೆ ಆಗಲೇ ಎದ್ದು ಬದಲಿಸಿ, ಬೆಳಿಗ್ಗೆ ಮಗು ಕಣ್ಣುಬಿಟ್ಟೊಡನೆ ಅದನ್ನು ತೆಗೆದು ತೊಳೆದು ಬಿಸಿಲು ಬೀಳುವ ಜಗಲಿಗೆ ಬಿಡುವುದನ್ನು ತಪ್ಪದೆ ನಡೆಸಿದರೆ, ಬೇರೆ ಸೋಂಕಿಲ್ಲದ ಹಗುರವಾದ ಉರಿ ಸಾಮಾನ್ಯವಾಗಿ ಮೂರು ನಾಲ್ಕು ದಿನಗಳಲ್ಲಿ ಇಳಿಯತೊಡಗುತ್ತದೆ.