ಒಕ್ಕೂಟದ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸುವ ಮುಂಚೆ



ನಮ್ಮ ಅನೇಕ ಒಕ್ಕೂಟಗಳ ಕಚೇರಿಯಲ್ಲಿ ಒಂದೊಂದು ಹಳೇ ಕಂಪ್ಯೂಟರ್ ಇದೆ. ಹೆಚ್ಚಿನವು ವಿಂಡೋಸ್ 10ರವು. ಮೈಕ್ರೋಸಾಫ್ಟ್ ಕಂಪನಿ ಇದಕ್ಕೆ ಕೊಡುತ್ತಿದ್ದ ಮಾಮೂಲಿ ಸೇವೆಯನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಯಂತ್ರವೇನೋ ಓಡುತ್ತದೆ, ಆದರೆ ವೈರಸ್ಸಿನಿಂದ ಕಾಪಾಡುವ ಹೊಸ ತಿದ್ದುಪಡಿಗಳು ಮಾಮೂಲಿನಂತೆ ಬರುವುದಿಲ್ಲ. ವಿಂಡೋಸ್ 11 ಬಹಳಷ್ಟು ಹಳೇ ಯಂತ್ರಗಳಿಗೆ ಒಗ್ಗುವುದಿಲ್ಲ. ಅಂಗಡಿಯವರು "ಹೊಸದು ತಗೊಳ್ಳಿ" ಅಂತಾರೆ. ಸಂಘದ ಹಣ ಹಾಕುವ ಮುಂಚೆ ಇನ್ನೊಂದು ದಾರಿಯನ್ನೂ ತಿಳ್ಕೊಳ್ಳೋಣ.

ಅದೇ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಇದರ ತಿರುಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ನಾವು ಮನೆಯ ತರಕಾರಿ ಬೀಜ ಪಕ್ಕದವರಿಗೆ ಕೊಡುವುದಿಲ್ಲವೇ, ಹಾಗೆ. ಪಡೆದವರು ಬಳಸಬಹುದು, ತಿದ್ದಬಹುದು, ಇನ್ನೊಬ್ಬರಿಗೂ ಕೊಡಬಹುದು. ನಕಲು ಮಾಡಿದರೆ ಕಳ್ಳತನವಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಇದರಲ್ಲೇ. ಲಿನಕ್ಸಿನಲ್ಲಿ ಹಲವು ಬಗೆಗಳುಂಟು. ಹೊಸಬರಿಗೆ ಲಿನಕ್ಸ್ ಮಿಂಟ್ ಸುಲಭ: ನೋಡಲು ವಿಂಡೋಸಿನ ಹಾಗೇ ಇದೆ, 4 ಜಿಬಿ ರ‍್ಯಾಮ್ ಇದ್ದರೆ ಸಾಕು.

ಕೂಡಲೇ ಹಾಕಿಸಬೇಡಿ. ಮೊದಲು 8 ಜಿಬಿ ಪೆನ್‌ಡ್ರೈವಿಗೆ ಅದನ್ನು ತುಂಬಿಸಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ ನೋಡಬಹುದು. ಒಳಗಿನ ವಿಂಡೋಸಿಗೆ ಏನೂ ಆಗುವುದಿಲ್ಲ. ಸ್ವಲ್ಪ ನಿಧಾನ ಅನ್ನಿಸೀತು, ಅದು ಪೆನ್‌ಡ್ರೈವಿನ ದೋಷ. ಪ್ರಿಂಟರ್ ಕೆಲಸ ಮಾಡುತ್ತದಾ, ಇಂಟರ್ನೆಟ್ ಬರುತ್ತದಾ ಎಂದು ಆಗಲೇ ನೋಡಿಕೊಳ್ಳಿ.

ನಿಜವಾದ ಅಪಾಯ ಇರುವುದು ಹಾಕಿಸುವ ದಿನ. "ಡಿಸ್ಕ್ ಅಳಿಸಿ ಹಾಕು" ಎಂಬ ಆಯ್ಕೆ ಒತ್ತಿದರೆ ಸದಸ್ಯರ ಉಳಿತಾಯ, ಸಾಲ, ಬಡ್ಡಿ, ಎಲ್ಲ ಲೆಕ್ಕವೂ ಹೋಗುತ್ತದೆ. ಆದ್ದರಿಂದ ಎಲ್ಲ ಫೈಲುಗಳನ್ನು ಎರಡು ಕಡೆ ನಕಲು ಮಾಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು, ಒಟ್ಟು ಮೊತ್ತ ಕೈಬರಹದ ಲೆಡ್ಜರಿಗೆ ತಾಳೆಯಾಗುತ್ತದಾ ನೋಡಿ. ನಕಲು ಮಾಡಿದ್ದೇವೆ ಅಂದರೆ ಸಾಲದು, ತೆರೆದು ನೋಡಬೇಕು.

ಎಕ್ಸೆಲ್ ಲೆಕ್ಕವನ್ನು ಮಿಂಟ್ ಜೊತೆ ಬರುವ ಲಿಬ್ರೆ ಆಫೀಸ್ ತೆರೆಯುತ್ತದೆ. ಆದರೆ ಟ್ಯಾಲಿ ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ಟ್ಯಾಲಿಯಲ್ಲೇ ಲೆಕ್ಕ ಇಡುವ ಒಕ್ಕೂಟದವರು ವಿಂಡೋಸನ್ನು ತೆಗೆಸದಿರುವುದೇ ವಾಸಿ.

ಕನ್ನಡದ್ದು ಇನ್ನೊಂದು ತೊಡಕು. ನುಡಿ ಅಥವಾ ಬರಹದ ಹಳೇ ಅಕ್ಷರಗಳಲ್ಲಿ ಟೈಪ್ ಮಾಡಿದ ಠರಾವು, ವರದಿಗಳು ಲಿನಕ್ಸಿನಲ್ಲಿ ಅರ್ಥವಾಗದ ಗೀಚುಗಳಾಗಿ ಕಾಣಿಸುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡಿಗೆ ಬದಲಾಯಿಸಿಟ್ಟುಕೊಳ್ಳಿ. ಟೈಪ್ ಮಾಡಲು ಕಗಪ ಕೀಲಿಮಣೆ ಲಿನಕ್ಸಿನಲ್ಲೂ ಉಂಟು. ನುಡಿಗೆ ಪಳಗಿದ ಬೆರಳುಗಳಿಗೆ ಬೇಗ ಒಗ್ಗುತ್ತದೆ.

ಇದನ್ನು ಒಬ್ಬರೇ ಕಲಿತರೆ ಅವರು ಮದುವೆಯಾಗಿ ಹೋದಾಗ ಕಚೇರಿ ನಿಂತುಹೋಗುತ್ತದೆ. ಪುಸ್ತಕ ಬರೆಯುವವರ ಜೊತೆ ಇನ್ನೊಬ್ಬ ಸದಸ್ಯೆಯೂ ಕೂತು ಕಲಿಯಲಿ. ಹಾಕುವಾಗ ಕೇಳುವ ಪಾಸ್‌ವರ್ಡನ್ನು ನೀವೇ ಒತ್ತಿ, ಅಂಗಡಿಯವರಿಗೆ ಬಿಡಬೇಡಿ. ಅದನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ಸಂಘದ ಪೆಟ್ಟಿಗೆಯಲ್ಲಿಡಿ.