ಎದ್ದು ನಡೆಯುವ ಬುರುಜು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೂರನೇ ಆವೃತ್ತಿ 2000ರಲ್ಲಿ ಬಂದಾಗ ದೈತ್ಯಜೀವಿಗಳ ಗಾತ್ರಕ್ಕೆ ಅದರಲ್ಲೊಂದು ಕಟ್ಟುನಿಟ್ಟಿನ ಅಳತೆ ಇತ್ತು. ಎತ್ತರ ಕನಿಷ್ಠ 64 ಅಡಿ, ತೂಕ ಕನಿಷ್ಠ 125 ಟನ್. ಅಷ್ಟಿದ್ದರೆ ಅದು ‘ಕೊಲೋಸಲ್’. ಹೈದರಾಬಾದಿನಲ್ಲಿ ಕೂತು ಇದನ್ನು ಓದಿದವರಿಗೆ ಮೊದಲು ನೆನಪಾಗುವುದು ಹುಸೇನ್ ಸಾಗರದ ಏಕಶಿಲಾ ಬುದ್ಧ. ಅದರ ಎತ್ತರ 58 ಅಡಿ. ಶ್ರವಣಬೆಳಗೊಳದ ಗೊಮ್ಮಟನೂ ಹೆಚ್ಚುಕಡಿಮೆ ಅಷ್ಟೇ. ಇಬ್ಬರ ಪಾದದ ಬಳಿ ನಿಂತು ತಲೆ ಎತ್ತಿದವರಿಗೆ ಆ ಎತ್ತರ ಏನೆಂದು ಗೊತ್ತು. ಅದನ್ನೂ ಮೀರಿದ್ದು, ಕಲ್ಲು-ಲೋಹದಿಂದ ಮಾಡಿದ್ದು, ನಡೆದಾಡುವಂಥದ್ದು ನಾರಾಯಣಗೂಡದ ಒಂದು ಮನೆಯ ಊಟದ ಮೇಜಿನ ಮೇಲೆ ಬರಬೇಕಾಗಿತ್ತು.

ನಾರಾಯಣಗೂಡ ಕನ್ನಡಕ್ಕೆ ಹೊರಗಿನ ಜಾಗವಲ್ಲ. ಇಲ್ಲಿನ ಮೇಲ್ಕೋಟೆ ಪಾರ್ಕಿಗೆ ಹೆಸರು ಬಂದದ್ದು ಡಾ. ಜಿ.ಎಸ್. ಮೇಲ್ಕೋಟೆಯವರಿಂದ. ಹೈದರಾಬಾದ್ ಸಂಸ್ಥಾನದ ವಿಮೋಚನೆಗೆ ದುಡಿದ ಅವರು 1957ರಲ್ಲಿ ರಾಯಚೂರಿನಿಂದ, ಆಮೇಲೆ ಹೈದರಾಬಾದಿನಿಂದ ಲೋಕಸಭೆಗೆ ಹೋದರು. ಪಕ್ಕದ ಕಾಚಿಗೂಡದಲ್ಲಿ ನೃಪತುಂಗ ಶಾಲೆಯಿದೆ, ಕರ್ನಾಟಕ ಸಾಹಿತ್ಯ ಮಂದಿರವಿದೆ. ನಮ್ಮ ಆಟದ ಮೇಜಿನಲ್ಲಿ ಕಲಬುರಗಿ-ಬೀದರದ ಕನ್ನಡ, ತೆಲುಗು, ದಖನಿ ಮೂರೂ ಓಡಾಡುತ್ತವೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ಈ ಆಟದಲ್ಲಿ ಒಬ್ಬರು ಕತೆ ನಡೆಸುತ್ತಾರೆ, ಅವರು ಡಿಎಂ. ಉಳಿದವರು ಒಂದೊಂದು ಪಾತ್ರ ವಹಿಸಿ, ‘ನಾನು ಹೀಗೆ ಮಾಡ್ತೀನಿ’ ಎನ್ನುತ್ತಾರೆ. ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ದಾಳ ಉರುಳಿಸುವುದು ಈ ಸೀಮೆಗೆ ಹೊಸದೇನಲ್ಲ. ಕಲ್ಯಾಣದ ದೊರೆ ಮೂರನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಆಟಗಳಿಗೆಂದೇ ಒಂದು ಇಡೀ ಭಾಗವಿದೆ. ಆ ಕಲ್ಯಾಣವೂ 1956ರವರೆಗೆ ಹೈದರಾಬಾದ್ ರಾಜ್ಯದೊಳಗೇ ಇತ್ತು.

ಈ ಆಟದ ದೈತ್ಯರಲ್ಲಿ ‘ಕನ್‌ಸ್ಟ್ರಕ್ಟ್’ ಎಂಬುದೇ ಒಂದು ಜಾತಿ. ಅವು ಹುಟ್ಟಿದವಲ್ಲ, ಮಾಡಿದವು. 1977ರ ‘ಮಾನ್‌ಸ್ಟರ್ ಮ್ಯಾನ್ಯುಅಲ್’ನಲ್ಲೇ ಮಾಂಸ, ಮಣ್ಣು, ಕಲ್ಲು, ಕಬ್ಬಿಣದ ಗೋಲೆಮ್‌ಗಳಿದ್ದವು. ಯಹೂದಿಗಳ ಕತೆಯಿಂದ ಬಂದ ಇವಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ. ವಿಷ ತಾಗುವುದಿಲ್ಲ, ಮಂಕುಬೂದಿ ನಡೆಯುವುದಿಲ್ಲ. ಆಟದ ಮಜಾ ಹೋಗುವುದೂ ಇಲ್ಲೇ. ಐದನೇ ಆವೃತ್ತಿ 2014ರಲ್ಲಿ ಬಂದಾಗ ಕಬ್ಬಿಣದ ಗೋಲೆಮ್‌ಗೆ 210 ಹಿಟ್ ಪಾಯಿಂಟ್, ಅಂದರೆ ಬೀಳುವ ಮುನ್ನ ಅಷ್ಟು ಏಟು ತಾಳುವ ಶಕ್ತಿ, ಇತ್ತು. ದೊಡ್ಡದು ಬೇಕೆಂದು ಬಹುತೇಕ ಡಿಎಂಗಳು ಅದನ್ನು ಐನೂರಕ್ಕೋ ಆರುನೂರಕ್ಕೋ ಏರಿಸಿಬಿಡುತ್ತಾರೆ. ಆಗ ಮೇಜಿನ ಸುತ್ತ ಕೂತವರಿಗೆ ಕೂಡುವ ಕಳೆಯುವ ಲೆಕ್ಕ ಮಾತ್ರ ಉಳಿಯುತ್ತದೆ. ಇನ್ನೊಂದು ತೊಡಕು: ಆಟಗಾರರು ನಾಲ್ವರು, ದೈತ್ಯ ಒಂದೇ. ಅದು ಒಮ್ಮೆ ಕೈ ಎತ್ತುವಷ್ಟರಲ್ಲಿ ಇವರು ನಾಲ್ಕು ಪೆಟ್ಟು ಹಾಕಿರುತ್ತಾರೆ. ಎಷ್ಟೇ ದೊಡ್ಡದಾದರೂ ಅದು ಏಟು ತಿನ್ನುವ ಗೋಡೆಯಾಗುತ್ತದೆ.

ನಮ್ಮ ಮೇಜಿನ ಡಿಎಂ ಆದ ನನಗೆ ಅನ್ನಿಸುವುದು ಇಷ್ಟು. ಮಹಾಗಾತ್ರದ ಯಂತ್ರವನ್ನು ವೈರಿ ಎಂದು ನೋಡುವ ಮೊದಲು ಊರು ಎಂದು ನೋಡಬೇಕು. ಅದನ್ನು ಹತ್ತಬೇಕು, ಒಳಗೆ ಹೊಗಬೇಕು, ಯಾರು ಕಟ್ಟಿದರು, ಯಾಕೆ ಕಟ್ಟಿದರು ಎಂದು ಓದಿ ತಿಳಿಯಬೇಕು. ಅಂಥ ಯಂತ್ರ ಕಟ್ಟಲು ಸಾಮಾನು ನಮಗೆ ಗೋಲೆಮ್ ಕತೆಯ ಪ್ರಾಗ್‌ನಿಂದ ಬರಬೇಕಾಗಿಲ್ಲ. ವಿಜಯಪುರಕ್ಕೆ ಹೋದರೆ ಸಾಕು.

ಮೈಗೆ ಉಪ್ಲಿ ಬುರುಜನ್ನು ತೆಗೆದುಕೊಂಡೆ. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಈ ಗೋಪುರ ಸುಮಾರು 80 ಅಡಿ. ‘ಕೊಲೋಸಲ್’ ಅಳತೆಯನ್ನು ದಾಟಿತು. ಮೆಟ್ಟಿಲು ಬುರುಜಿನ ಹೊರಮೈಗೆ ಸುತ್ತಿಕೊಂಡು ಹೋಗುತ್ತದೆ. ದೈತ್ಯನ ಮೈಮೇಲೆ ಹತ್ತುವ ದಾರಿಯನ್ನು ನಾನು ಕಲ್ಪಿಸಬೇಕಾಗಿಯೇ ಇರಲಿಲ್ಲ, ಹೈದರ್ ಖಾನನ ಕಲ್ಲುಕುಟಿಗರು ಮಾಡಿಟ್ಟಿದ್ದರು. ಆಟದ ಹಾಸಿನಲ್ಲಿ ಒಂದು ಇಂಚಿಗೆ ಐದು ಅಡಿ, ಹಾಗಾಗಿ ಮೇಜಿನ ಮೇಲೆ 16 ಇಂಚು ಎತ್ತರದ ರಟ್ಟಿನ ಬುರುಜು. ಬೊಂಬೆಗಳನ್ನು ಮೆಟ್ಟಿಲ ಮೇಲೆ ನಿಲ್ಲಿಸಬಹುದು. ಬುರುಜು ನಡೆಯುವಾಗ ಪ್ರತಿ ಹೆಜ್ಜೆಗೂ ಮೇಲಿದ್ದವರು ಜಾರದಂತೆ ದಾಳ ಹಾಕಬೇಕು.

ಬಾಯಿಗೆ ಮಲಿಕ್-ಎ-ಮೈದಾನ್. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಈ ತೋಪಿನ ತೂಕ 55 ಟನ್. ಕೊಲೋಸಲ್ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಬಾಯಿಯೊಂದಕ್ಕೇ ಸಂದಿತು! ತೋಪಿನ ಮುಖ ಬಾಯಿ ತೆರೆದ ಸಿಂಹ. ಹಲ್ಲಿನ ನಡುವೆ ಆನೆಯೊಂದು ಅರೆದುಹೋಗುತ್ತಿದೆ. 1632ರಲ್ಲಿ ಇದನ್ನು ವಿಜಯಪುರಕ್ಕೆ ಎಳೆದು ತರಲು 10 ಆನೆ, 400 ಎತ್ತು ಬೇಕಾದವು ಎಂಬುದು ಪ್ರತೀತಿ. 1854ರಲ್ಲಿ ಇಂಥ ತೋಪನ್ನು 150 ರೂಪಾಯಿಗೆ ಹರಾಜು ಹಾಕಿದ್ದರು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ಬಿಸಿಲಲ್ಲೂ ಲೋಹ ತಣ್ಣಗಿರುತ್ತದೆ, ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ ಎನ್ನುತ್ತಾರೆ. ಬತ್ತಿಗೆ ಬೆಂಕಿ ತಾಗಿಸಿದ ಗೋಲಂದಾಜ ಸದ್ದಿಗೆ ಹೆದರಿ ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದ ಎಂದೂ ಕತೆಯಿದೆ. ಗಂಟೆಯ ನಾದ, ನೀರಿನ ತೊಟ್ಟಿ ಎರಡನ್ನೂ ನಿಯಮ ಮಾಡಿದೆ. ಗುಂಡು ಹಾರಿಸುವ ಮುಂಚಿನ ಸುತ್ತಿನಲ್ಲಿ ತೋಪು ಗಂಟೆಯಂತೆ ಮಿಡಿಯುತ್ತದೆ. ಅಷ್ಟರೊಳಗೆ ನೀರಿಗಿಳಿದವರು ಬಚಾವು. ಪೆಟ್ಟು ಬರುವ ಮುನ್ನ ಸೂಚನೆ ಇರಬೇಕು. ಅದಿಲ್ಲದಿದ್ದರೆ ಆಟಗಾರರು ದಾಳಕ್ಕೆ ಸೋಲುತ್ತಾರೆ, ದೈತ್ಯನಿಗಲ್ಲ.

ಹೊಟ್ಟೆಗೆ ಗೋಲಗುಮ್ಮಟ. 1656ರಲ್ಲಿ ಮುಗಿದ ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಪಿಸುಮಾತಿನ ಮೊಗಸಾಲೆಯಲ್ಲಿ ಆಡಿದ ಮಾತು ಏಳು ಸಲ ಮರಳುತ್ತದೆ ಎಂಬುದು ಶಾಲಾಮಕ್ಕಳಿಗೂ ಗೊತ್ತು. ಇದರಿಂದ ಹುಟ್ಟಿದ ನಿಯಮವೇ ನನಗೆ ಎಲ್ಲಕ್ಕಿಂತ ಪ್ರಿಯ. ಆಟಗಾರರ ಪಾತ್ರಗಳು ಹೊಟ್ಟೆಯೊಳಗಿರುವಾಗ ಮೇಜಿನ ಸುತ್ತ ಯಾರು ಬಾಯಿಬಿಟ್ಟು ಆಡಿದ್ದೂ ಯಂತ್ರಕ್ಕೆ ಕೇಳಿಸುತ್ತದೆ. ‘ನೀನು ಎಡಕ್ಕೆ ಹೋಗು’ ಎಂದರೆ ಮುಗಿಯಿತು, ಯಂತ್ರ ಎಡಬಾಗಿಲು ಮುಚ್ಚುತ್ತದೆ. ಗದ್ದಲದ ಮೇಜು ಒಮ್ಮೆಲೆ ಕೈಸನ್ನೆಗೆ, ಚೀಟಿಗೆ ಇಳಿಯುತ್ತದೆ. ಗೋಲ್ಕೊಂಡದ ಫತೇ ದರ್ವಾಜದಲ್ಲಿ ಚಪ್ಪಾಳೆ ತಟ್ಟಿದರೆ ಬಾಲಾ ಹಿಸಾರ್‌ನಲ್ಲಿ ಕೇಳಿಸುವುದನ್ನು ಕಂಡು ಬೆಳೆದ ಹೈದರಾಬಾದಿಗರಿಗೆ ಇದನ್ನು ವಿವರಿಸಬೇಕಾಗಿಯೇ ಇರಲಿಲ್ಲ.

ಒಂದು ಕಡೆ ಕೈಹಿಡಿಕೆಯೂ ಇದೆ. ಅದು ಶ್ರೀರಂಗಪಟ್ಟಣದಿಂದ ಬಂದದ್ದು. ಟಿಪ್ಪುವಿನ ಮರದ ಹುಲಿಯನ್ನು 1799ರಲ್ಲಿ ಇಂಗ್ಲಿಷರು ಒಯ್ದರು, ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹಿಡಿಕೆ ತಿರುಗಿಸಿದರೆ ತಿದಿಗಳು ಉಸಿರಾಡಿ ಹುಲಿ ಗುರುಗುಡುತ್ತದೆ, ಕೆಳಗೆ ಬಿದ್ದ ಸಿಪಾಯಿ ಕೈಯೆತ್ತಿ ನರಳುತ್ತಾನೆ. ನಮ್ಮ ನೆಲದಲ್ಲಿ ನಿಜವಾಗಿ ಓಡಿದ ಕನ್‌ಸ್ಟ್ರಕ್ಟ್ ಅದು. ಕಾಲು, ತೋಪು, ಗುಮ್ಮಟ, ಹಿಡಿಕೆ ನಾಲ್ಕಕ್ಕೂ ಬೇರೆಬೇರೆ ಹಿಟ್ ಪಾಯಿಂಟ್, ಬೇರೆಬೇರೆ ಸರದಿ. ನಾಲ್ವರ ಎದುರು ಒಂದೇ ಎಂಬ ತೊಡಕು ಇಲ್ಲಿಗೆ ಬಗೆಹರಿಯಿತು.

ಅಷ್ಟು ಭಾರಕ್ಕೆ ನೆಲವೂ ಎದುರಾಳಿಯೇ. 1990ರ ಮಾರ್ಚ್‌ನಲ್ಲಿ ಬುದ್ಧನ ಮೂರ್ತಿಯನ್ನು ಹೊತ್ತ ದೋಣಿ ವಾಲಿ, ಜೀವಹಾನಿಯಾಗಿ, ಮೂರ್ತಿ ಹುಸೇನ್ ಸಾಗರದ ತಳ ಸೇರಿತ್ತು. ಅದನ್ನು ಮೇಲೆತ್ತಿ ನಿಲ್ಲಿಸಿದ್ದು 1992ರ ಡಿಸೆಂಬರ್‌ನಲ್ಲಿ. ಭಾರ ಎಂದರೇನು ಎಂದು ಈ ಊರು ಕಂಡಿದೆ. ಅದಕ್ಕೇ ನಡೆಯುವ ಬುರುಜನ್ನು ವಿಜಯಪುರ ಸೀಮೆಯ ಡೋಣಿ ನದಿಯ ಎರೆಭೂಮಿಗೆ, ಮಳೆಗಾಲಕ್ಕೆ ಇಳಿಸಿದೆ. ಎರೆಯಲ್ಲಿ ನೀರು ನಿಂತಾಗ ಎತ್ತಿನ ಗಾಡಿಯೇ ಗಾಲಿಯ ಗುಂಬದ ತನಕ ಹೂತುಹೋಗುತ್ತದೆ.

ಇಷ್ಟೆಲ್ಲ ಸಿದ್ಧವಾದ ಮೇಲೆ ಕಲಬುರಗಿಯ ಹುಡುಗಿಯೊಬ್ಬಳು ಕೇಳಿದಳು: “ಅಣ್ಣಾ, ಇದು ಯಾರ ಮಾತು ಕೇಳ್ತದ?”

ಆ ಪ್ರಶ್ನೆಗೆ ಉತ್ತರ ಮಲಿಕ್-ಎ-ಮೈದಾನದ ಮೈಮೇಲೆಯೇ ಇತ್ತು. ತೋಪಿನ ಮೇಲೆ ಎರಕ ಹೊಯ್ದ ಮುಹಮ್ಮದ್ ಬಿನ್ ಹಸನ್ ರೂಮಿಯ ಹೆಸರಿದೆ. 1686ರಲ್ಲಿ ಔರಂಗಜೇಬ ವಿಜಯಪುರವನ್ನು ಗೆದ್ದ ಮೇಲೆ ಅದೇ ಲೋಹದ ಮೇಲೆ ತನ್ನ ಗೆಲುವನ್ನೂ ಕೆತ್ತಿಸಿದ. ಮಾಡಿದವನೊಬ್ಬ, ಗೆದ್ದವನೊಬ್ಬ, ಇಬ್ಬರ ಬರಹವೂ ಒಂದೇ ತೋಪಿನ ಮೇಲೆ. ಇದನ್ನೇ ನನ್ನ ದೈತ್ಯನ ಜೀವ ಮಾಡಿದೆ. ಕಟ್ಟಿದವನು ಕೊಟ್ಟ ಅಪ್ಪಣೆ: ಈ ಊರನ್ನು ಕಾಯಿ. ಗೆದ್ದವನು ಮೇಲೆ ಕೆತ್ತಿಸಿದ್ದು: ಈ ಊರು ನನ್ನದು, ಎದುರು ನಿಂತವರನ್ನು ಹೊಡೆ. ಇಬ್ಬರೂ ಈಗಿಲ್ಲ. ಯಂತ್ರಕ್ಕೆ ಅದು ಗೊತ್ತಿಲ್ಲ. ಹಗಲು ಒಂದನ್ನು, ರಾತ್ರಿ ಇನ್ನೊಂದನ್ನು ಪಾಲಿಸುತ್ತ ಅದು ಕಾಯಬೇಕಾದ ಊರಿನ ಸುತ್ತಲೇ ತುಳಿಯುತ್ತಿದೆ. ಕತ್ತಿಯಿಂದ ಅದನ್ನು ಕೆಡವಲು ಸಾಧ್ಯ, ಆದರೆ ಅದು ಬೀಳುವುದು ಊರಿನ ಮೇಲೆ. ಇನ್ನೊಂದು ದಾರಿ, ಬರಹ ಎರಡನ್ನೂ ಓದಿ, ಹಿಡಿಕೆ ತಿರುಗಿಸುತ್ತ ಗುಮ್ಮಟದೊಳಗೆ ಮೂರನೇ ಅಪ್ಪಣೆ ಹೇಳುವುದು. ಮಾತು ಏಳು ಸಲ ಮರಳುವುದರಿಂದ ಅಪ್ಪಣೆಯೂ ಏಳೇ ಪದದ್ದಿರಬೇಕು.

ಆ ಏಳು ಪದಕ್ಕಾಗಿ ನಮ್ಮ ಮೇಜಿನಲ್ಲಿ ನಡೆದ ಜಗ್ಗಾಟ ಯಾವ ಯುದ್ಧಕ್ಕಿಂತಲೂ ಜೋರಾಗಿತ್ತು. ಸುಮ್ಮನೆ ಮಲಗಿಸೋಣ ಎಂದರು ಒಬ್ಬರು. ನಾಳೆ ಯಾರೋ ಬಂದು ಎಬ್ಬಿಸಿದರೆ ಎಂದು ತೆಲುಗಿನಲ್ಲಿ ಇನ್ನೊಬ್ಬರು. ಒಡೆದುಕೋ ಎನ್ನೋಣ ಎಂದಾಗ, ಪಾಪ ಅದರದೇನು ತಪ್ಪು ಎಂದು ದಖನಿಯಲ್ಲಿ ತಕರಾರು. ಎಲ್ಲವೂ ಚೀಟಿಯಲ್ಲೇ, ಯಾಕೆಂದರೆ ಅವರಿನ್ನೂ ಹೊಟ್ಟೆಯೊಳಗಿದ್ದರು. ಕೊನೆಗೆ ಕಲಬುರಗಿಯವಳು ಎದ್ದು ನಿಂತು ಗಟ್ಟಿಯಾಗಿ ಹೇಳಿದಳು: “ಕೆರೆಯ ಏರಿಯಾಗಿ ಕೂತುಕೋ, ಇನ್ನು ಯಾರ ಮಾತೂ ಕೇಳಬೇಡ.” ಬೆರಳು ಮಡಿಸಿ ಎಣಿಸಿದೆವು, ಏಳೇ ಇದ್ದವು. ‘ಯಾರ ಮಾತೂ’ ಎಂಬುದರಲ್ಲಿ ಹೇಳಿದವಳ ಮಾತೂ ಸೇರಿತೇ ಎಂದು ಕೇಳಿದರು. ಸೇರಿತು ಎಂದು ತೀರ್ಪು ಕೊಟ್ಟೆ. ಮುಂದಿನ ಕತೆ ಆ ಏರಿಯ ಕೆಳಗಿನ ಹಳ್ಳಿಗಳಲ್ಲಿ ಶುರುವಾಗುತ್ತದೆ. ಅಲ್ಲಿ ಈಗ ಎರಡು ಬೆಳೆಗೆ ಸಾಕಾಗುವಷ್ಟು ನೀರಿದೆ, ತೂಬು ಎತ್ತುವ ಹಕ್ಕು ಯಾರದೆಂಬ ಜಗಳವೂ ಇದೆ.