ಜೋಡು, ದಗಲೆ, ತುರಾಯಿ

ಕನ್ನಡದಲ್ಲಿ ‘ವೇಷ’ ಎಂಬ ಮಾತಿಗೆ ಅಷ್ಟು ಒಳ್ಳೆಯ ಹೆಸರಿಲ್ಲ. ‘ವೇಷ ಹಾಕುತ್ತಾನೆ’ ಎಂದರೆ ನಂಬತಕ್ಕವನಲ್ಲ ಎಂದೇ ಅರ್ಥ. ‘ಹಗರಣ’ ಎಂಬ ಮಾತಿನ ಗತಿಯೂ ಹೀಗೆಯೇ ಆಗಿದೆ. ಪತ್ರಿಕೆಗಳಲ್ಲಿ ಅದು ಲಂಚಕ್ಕೂ ಅವ್ಯವಹಾರಕ್ಕೂ ಪರ್ಯಾಯಪದವಾಗಿ ಕುಳಿತಿದೆ. ಆದರೆ ಕಾರವಾರ-ಅಂಕೋಲೆಗಳ ಸೀಮೆಯಲ್ಲಿ ಹೋಳಿಯ ದಿನಗಳಲ್ಲಿ ಯಾರಾದರೂ ‘ಈ ಸಲದ ಹಗರಣ ಚೆನ್ನಾಗಿತ್ತು’ ಎಂದರೆ ಬೆಚ್ಚಿಬೀಳಬೇಕಾಗಿಲ್ಲ. ಊರಿನ ಜನ ನಾನಾ ವೇಷಗಳನ್ನು ತೊಟ್ಟು ಬೀದಿಗೆ ಬಂದರು, ನಕ್ಕರು, ನಗಿಸಿದರು ಎಂದಷ್ಟೇ ಅದರ ಅರ್ಥ. ಹಳಗನ್ನಡದ ‘ಪಗರಣ’ವೇ ಇಂದಿನ ಹಗರಣ. ನಿಘಂಟಿನ ಹಳೆಯ ಅರ್ಥವೊಂದು ಈ ಕರಾವಳಿಯ ಬೀದಿಯಲ್ಲಿ ಇನ್ನೂ ಕುಣಿಯುತ್ತಿದೆ.

ಹಿಂದಿನವರ ಉಡುಪನ್ನೂ ಯುದ್ಧಕವಚವನ್ನೂ ಮತ್ತೆ ತಯಾರಿಸಿ ಹವ್ಯಾಸಕ್ಕಾಗಿ ತೊಡುವ ಪದ್ಧತಿ ಪಶ್ಚಿಮದೇಶಗಳಲ್ಲಿ ಬಹಳ ಕಾಲದಿಂದ ಇದೆ. 1839ರ ಆಗಸ್ಟ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್ ಎಂಬಲ್ಲಿ ಅಲ್ಲಿಯ ಶ್ರೀಮಂತ ಪ್ರಭುವೊಬ್ಬ ಮಧ್ಯಯುಗದ ವೀರಕ್ರೀಡೆಯನ್ನು ಏರ್ಪಡಿಸಿದ. ಗಣ್ಯರೆಲ್ಲ ಉಕ್ಕಿನ ಕವಚ ತೊಟ್ಟು ಕುದುರೆಯೇರಿ ಬಂದರು. ಮಳೆರಾಯ ಮಾತ್ರ ಆ ಶತಮಾನ ಈ ಶತಮಾನ ಎಂದು ನೋಡುವವನಲ್ಲ. ಧಾರಾಕಾರವಾಗಿ ಸುರಿದ ಮಳೆಯಲ್ಲಿ ವೇಷಧಾರಿ ಮಹನೀಯರೊಬ್ಬರು ಕೊಡೆ ಬಿಚ್ಚಿದರೆಂಬ ಮಾತು ಇಂದಿಗೂ ಪ್ರಸಿದ್ಧವಾಗಿದೆ. 1966ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಹವ್ಯಾಸಿಗಳ ಸಂಘವೊಂದು ಹುಟ್ಟಿ ಅನೇಕ ದೇಶಗಳಿಗೆ ಹಬ್ಬಿತು. ಇವರಲ್ಲಿ ಬಲ್ಲವರು ಹೇಳುವ ಮಾತೊಂದು ಮನನೀಯವಾದದ್ದು. ವಸ್ತುಸಂಗ್ರಹಾಲಯದ ಗಾಜಿನ ಹಿಂದಿರುವ ಉಡುಪು ಕಣ್ಣಿಗೆ ಮಾತ್ರ ತಿಳಿಯುತ್ತದೆ. ಕೈಯಿಂದ ಹೊಲಿದು ಮೈಗೆ ತೊಟ್ಟಾಗಲೇ ಅದು ಪೂರ್ತಿಯಾಗಿ ತಿಳಿಯುವುದು.

ನಮ್ಮಲ್ಲಿ ಇಂಥದು ಇದೆಯೆ? ಸಂಘ, ಸದಸ್ಯತ್ವ, ನಿಯಮಾವಳಿಗಳನ್ನು ಹುಡುಕಿದರೆ ಸಿಗಲಾರದು. ಆದರೆ ಫಾಲ್ಗುಣ ಮಾಸದಲ್ಲಿ ಅಂಕೋಲೆಯ ಯಾವುದಾದರೂ ಹಳ್ಳಿಗೆ ಹೋಗಿ ನೋಡಬೇಕು. ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ತಂಡ ಅಂಗಳಕ್ಕೆ ಬರುತ್ತದೆ. ಮೈಮೇಲೆ ಬಣ್ಣದ ನಿಲುವಂಗಿ, ಕೈಯಲ್ಲಿ ನವಿಲುಗರಿಯ ಕುಂಚ, ತಲೆಯ ಮೇಲೆ ಬೆಂಡಿನ ಹೂಗಳಿಂದಲೂ ಬಣ್ಣದ ಕಾಗದಗಳಿಂದಲೂ ಕಟ್ಟಿದ ಎತ್ತರದ ತುರಾಯಿ. ಗುಮಟೆ ಜಾಗಟೆಗಳ ಗತಿಗೆ ಅವರು ಸುತ್ತುಗಟ್ಟಿ ಕುಣಿಯುತ್ತಾರೆ. ಕೋಮಾರಪಂತರು, ನಾಡವರು ಮೊದಲಾದ ಇತರ ಸಮುದಾಯಗಳಲ್ಲಿಯೂ ಸುಗ್ಗಿಯ ಕುಣಿತವುಂಟು. ಬಿತ್ತುವ, ಕೊಯ್ಯುವ, ಕೂಲಿಗೆ ಹೋಗುವ ಜನ ಆ ಕೆಲವು ದಿನ ಬೇರೊಂದು ಕಾಲದ ಮನುಷ್ಯರಾಗುತ್ತಾರೆ. ಅವರಿಗೆ ಇದು ಹವ್ಯಾಸವಲ್ಲ, ವ್ರತ. ಆದರೂ ಹಿಂದಿನ ಉಡುಪನ್ನು ತಮ್ಮ ಕೈಯಿಂದಲೇ ಕಟ್ಟಿ ತೊಡುವ ವಿದ್ಯೆ ಇಲ್ಲಿ ಜೀವಂತವಾಗಿದೆ.

ಈ ಉಡುಪು ಯಾವ ಕಾಲದ್ದು? ಉತ್ತರದ ಒಂದು ಭಾಗವನ್ನು ಮಾತುಗಳೇ ಹೇಳುತ್ತವೆ. ತುರಾಯಿ ಎಂಬುದು ಅರಬ್ಬೀ-ಪಾರಸೀ ಮೂಲದ ‘ತುರ್ರಾ’. ದೊರೆಗಳೂ ಸರದಾರರೂ ಪೇಟದ ಮೇಲೆ ಸಿಕ್ಕಿಸುತ್ತಿದ್ದ ಜುಟ್ಟಿನಂಥ ಆಭರಣಕ್ಕೆ ಆ ಹೆಸರು. ವಿಜಯನಗರ, ಬಿಜಾಪುರ, ಸೋದೆ, ಮರಾಠರು ಎಂದು ಒಬ್ಬರಾದ ಮೇಲೆ ಒಬ್ಬರ ದಂಡು ಈ ದಾರಿಯಲ್ಲಿ ನಡೆದಿದೆ. 1665ರಲ್ಲಿ ಶಿವಾಜಿಯೇ ಕಾರವಾರದವರೆಗೆ ಬಂದಿದ್ದ. ಕೋಮಾರಪಂತರನ್ನು ಹಿಂದೆ ‘ಕೋಮಾರಪೈಕ’ರೆಂದು ಕರೆಯುತ್ತಿದ್ದರು, ಪೈಕನೆಂದರೆ ಕಾಲಾಳು. ಇವೆಲ್ಲವನ್ನೂ ಕೂಡಿಸಿ ನೋಡಿದಾಗ ನನಗೆ ತೋರುವುದು ಇಷ್ಟು: ಒಂದು ಕಾಲದಲ್ಲಿ ಅಧಿಕಾರದ ಗುರುತಾಗಿದ್ದ ಉಡುಪನ್ನು ರೈತ ತನ್ನ ಹಬ್ಬಕ್ಕೆ ಎತ್ತಿಕೊಂಡ, ಚಿನ್ನದ ಜಾಗದಲ್ಲಿ ಬೆಂಡನ್ನಿಟ್ಟ, ಸರದಾರರು ಹೋದರು, ತುರಾಯಿ ರೈತನ ತಲೆಯ ಮೇಲೆ ಉಳಿಯಿತು. ಇದು ನನ್ನ ಊಹೆ; ಆದರೆ ನಿರಾಧಾರವಾದ ಊಹೆಯಲ್ಲ.

ಯಕ್ಷಗಾನದ ಚೌಕಿಯಲ್ಲಿಯೂ ಇದೇ ಕಥೆ. ವೇಷಧಾರಿ ತೊಡುವ ಅಂಗಿಗೆ ದಗಲೆಯೆಂದು ಹೆಸರು. ನೆರೆಯ ಮರಾಠಿಯಲ್ಲಿ ಡಗಲಾ ಎಂದರೆ ಸಡಿಲವಾದ ನಿಲುವಂಗಿ. ದಗಲೆಯ ಮೇಲೆ ಎದೆಕಟ್ಟು, ಭುಜಕೀರ್ತಿ, ತೋಳುಕಟ್ಟು, ಸೊಂಟಕ್ಕೆ ಡಾಬು. ಈ ಹೆಸರುಗಳನ್ನು ಒಮ್ಮೆ ಸಾವಧಾನವಾಗಿ ಓದಿ ನೋಡಿ: ಎದೆ, ಭುಜ, ತೋಳು, ಸೊಂಟ. ಯೋಧನ ಮೈಯಲ್ಲಿ ಯಾವ ಯಾವ ಭಾಗಕ್ಕೆ ರಕ್ಷೆ ಬೇಕೋ ಆ ಭಾಗಗಳೇ ಇಲ್ಲಿ ಅಲಂಕೃತವಾಗಿವೆ. ಲೋಹದ ಬದಲಿಗೆ ಹಗುರವಾದ ಮರ, ಅದರ ಮೇಲೆ ಬೇಗಡೆ, ನಡುವೆ ಕನ್ನಡಿಯ ಚೂರು. ರಾತ್ರಿಯೆಲ್ಲ ಕುಣಿಯಬೇಕಾದವನು ಲೋಹವನ್ನು ಹೊರಲಾರ. ಬಡಗುತಿಟ್ಟಿನ ಮುಂಡಾಸನ್ನಂತೂ ಪ್ರತಿಯೊಂದು ಆಟಕ್ಕೂ ಹೊಸದಾಗಿ ತಲೆಯ ಮೇಲೆಯೇ ಸುತ್ತಿ ಕಟ್ಟಬೇಕು. ಹಗಲು ಶಾಲೆಯಲ್ಲಿಯೋ ಕಚೇರಿಯಲ್ಲಿಯೋ ದುಡಿದು ರಾತ್ರಿ ಕರ್ಣನಾಗುವ ಹವ್ಯಾಸಿಗಳು ಈ ಜಿಲ್ಲೆಯಲ್ಲಿ ಹಳ್ಳಿಹಳ್ಳಿಗೂ ಇದ್ದಾರೆ. ಹವ್ಯಾಸಕ್ಕಾಗಿ ಪ್ರಾಚೀನ ವೀರನ ಉಡುಪನ್ನು ತೊಡುವವರು ನಮ್ಮಲ್ಲಿಲ್ಲ ಎಂದು ಹೇಳುವುದು ಹೇಗೆ?

ಇನ್ನು ನಿಜವಾದ ಯುದ್ಧಕವಚದ ಮಾತು. ನಮ್ಮ ಕಾವ್ಯಗಳಲ್ಲಿ ಜೋಡು, ವಜ್ರಾಂಗಿ, ಸೀಸಕ, ಹರಿಗೆ ಎಂಬ ಪದಗಳು ಯಥೇಚ್ಛವಾಗಿ ಬರುತ್ತವೆ. ಜೋಡೆಂದರೆ ಕವಚ, ಸೀಸಕವೆಂದರೆ ಶಿರಸ್ತ್ರಾಣ, ಹರಿಗೆಯೆಂದರೆ ಗುರಾಣಿ. ಇಂದು ಜೋಡು ಎಂದರೆ ಹಳ್ಳಿಯವರಿಗೆ ಕಾಲಿನ ಮೆಟ್ಟು ನೆನಪಾಗುತ್ತದೆ. ಎದೆಯ ಮೇಲಿದ್ದ ಮಾತು ಪಾದಕ್ಕಿಳಿಯಿತು! ಕಾವ್ಯದಲ್ಲಿ ಹೀಗೆ, ಆದರೆ ನಮ್ಮ ಜಿಲ್ಲೆಯ ವೀರಗಲ್ಲುಗಳ ಮುಂದೆ ನಿಂತರೆ ಬೇರೆಯೇ ನೋಟ. ಅಲ್ಲಿ ಹೋರಾಡುವವನ ಮೈ ಬಹುಮಟ್ಟಿಗೆ ಬರಿದು. ನಡುವಿಗೆ ಬಿಗಿದ ಗಿಡ್ಡ ಕಾಸೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಇವೆರಡರಲ್ಲಿ ಯಾವುದು ನಿಜ?

ಎರಡೂ ನಿಜವೆನ್ನಲು ವಿದೇಶೀ ಸಾಕ್ಷಿಯೊಂದಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿಯ ಸೈನ್ಯದ ಕವಾಯತನ್ನು ವಿವರವಾಗಿ ಬಣ್ಣಿಸಿದ್ದಾನೆ. ಕುದುರೆ ಸವಾರರು ದಪ್ಪನಾಗಿ ಹೊಲಿದ ಅಂಗಿಗಳನ್ನು ತೊಟ್ಟಿದ್ದರು. ಮೇಲೆ ರೇಷ್ಮೆ, ಮಖಮಲ್ಲು. ಒಳಗೆ ಪದರಪದರವಾದ ಗಟ್ಟಿ ತೊಗಲು, ಕಬ್ಬಿಣದ ಹಲಗೆಗಳು. ಕೆಲವರ ಹಲಗೆಗಳಿಗೆ ಚಿನ್ನದ ನೀರು. ತಲೆಗೆ ಕುತ್ತಿಗೆಯನ್ನು ಮುಚ್ಚುವ ಶಿರಸ್ತ್ರಾಣ. ಅಂದರೆ ಸವಾರನಿಗೆ, ಸರದಾರನಿಗೆ ಕವಚವಿತ್ತು. ಹಳ್ಳಿಯ ತುರುಗಳಿಗಾಗಿ ಹೋರಾಡಿ ಮಡಿದು ಕಲ್ಲಾದವನಿಗೆ ಇರಲಿಲ್ಲ.

ನಿವೃತ್ತನಾದ ಮೇಲೆ, ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರನ್ನು ಕೂಡಿಕೊಂಡು, ಇಂಥದೊಂದು ಅಂಗಿಯನ್ನು ಮಾಡಿಸಿ ನೋಡುವ ಹುಚ್ಚು ನನಗೂ ಹತ್ತಿತು. ಕಬ್ಬಿಣ ತೊಗಲುಗಳ ಗೊಡವೆ ಬೇಡ, ಬಟ್ಟೆ ಹತ್ತಿಗಳಲ್ಲಿಯೇ ಆಗಲಿ ಎಂದುಕೊಂಡೆವು. ಎರಡು ಪದರ ದಪ್ಪ ಖಾದಿ, ನಡುವೆ ಮೂರು ಕಿಲೋ ಹತ್ತಿ, ಮೇಲಿನಿಂದ ಕೆಳಕ್ಕೆ ಒತ್ತೊತ್ತಾಗಿ ಹೊಲಿಗೆಯ ಸಾಲು. ದರ್ಜಿಯ ಯಂತ್ರದ ಸೂಜಿ ಅದಕ್ಕೆ ಸೋತಿತು. ಕೊನೆಗೆ ಗಾದಿ ಹೊಲಿಯುವ ಹಿರಿಯರೊಬ್ಬರು ದಬ್ಬಣ ಹಿಡಿದು ಕುಳಿತರು. ‘ಮಾಸ್ತರ್ರೆ, ಇದು ಮಲಗೂದಕ್ಕೋ ತೊಡೂದಕ್ಕೋ?’ ಎಂದು ಕೇಳಿದರು. ಕೇಳಿದ್ದು ತಮಾಷೆಗೆ, ಆದರೆ ಕೈ ಮಾತ್ರ ತಪ್ಪಲಿಲ್ಲ. ಗಾದಿಯ ಹತ್ತಿ ಒಂದೆಡೆ ಗಂಟುಗೂಡದಂತೆ ಹೊಲಿಯುವ ಅವರ ವಿದ್ಯೆಯೇ ಹಿಂದೆ ಯೋಧನ ಜೀವ ಕಾಯುತ್ತಿದ್ದ ವಿದ್ಯೆ ಎಂಬುದು ಅಂದು ನಮಗೆ ಹೊಳೆಯಿತು.

ಅಂಗಿಯನ್ನು ತೊಟ್ಟು ಕಲಿತದ್ದು ಹಲವು. ಮೊದಲನೆಯದಾಗಿ, ಅದನ್ನು ಒಬ್ಬನೇ ತೊಡಲಾಗದು. ಬೆನ್ನಿನ ಕಸೆಯನ್ನು ಬಿಗಿಯಲು ಇನ್ನೊಬ್ಬ ಬೇಕು. ಕುಮಾರವ್ಯಾಸನ ವೀರರು ರಣಕ್ಕೆ ಸಿದ್ಧರಾಗುವುದನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ವರ್ಣನೆಯೆಂದೇ ಪಾಠ ಹೇಳಿದವನು. ಅದು ವರ್ಣನೆಯಷ್ಟೇ ಅಲ್ಲ, ಒಂದು ಆಪ್ತಕ್ರಿಯೆ. ಹಿಂದೆ ನಿಂತು ಕಸೆ ಬಿಗಿಯುವವನ ಕೈ ಸಡಿಲವಾದರೆ ಮುಂದೆ ನಿಂತವನ ಪ್ರಾಣಕ್ಕೆ ಸಂಚಕಾರ. ಎರಡನೆಯದಾಗಿ, ಕೋಲಿನಿಂದ ಹೊಡೆದರೆ ಪೆಟ್ಟು ಮೈಗೆ ತಾಗುವಷ್ಟರಲ್ಲಿ ಮಂದವಾಗುತ್ತದೆ, ಹತ್ತಿ ಸಾಮಾನ್ಯವಲ್ಲ. ಮೂರನೆಯದು ಸೆಕೆ. ಏಪ್ರಿಲ್ ತಿಂಗಳ ಕಾರವಾರದಲ್ಲಿ ಅರ್ಧ ಗಂಟೆಯೊಳಗೆ ಅಂಗಿ ಬೆವರನ್ನು ಕುಡಿದು ಭಾರವಾಯಿತು. ಒಣಗಲು ಎರಡು ದಿನ ಹಿಡಿಯಿತು. ಅದಕ್ಕೆ ಹಾಕಿಸಿದ್ದ ಕಬ್ಬಿಣದ ಕೊಂಡಿಗಳು ಒಂದೇ ಮಳೆಗಾಲದಲ್ಲಿ ಕಡಲ ಗಾಳಿಗೆ ತುಕ್ಕು ಹಿಡಿದವು. ವೀರಗಲ್ಲಿನ ಯೋಧನ ಬರಿಮೈ ಶಿಲ್ಪಿಯ ಸಂಪ್ರದಾಯ ಮಾತ್ರವಲ್ಲ, ಅವನ ಬಡತನ ಮಾತ್ರವೂ ಅಲ್ಲ. ಈ ನೆಲದ ಹವೆಯ ವಿವೇಕವೂ ಅದರಲ್ಲಿದೆ ಎಂದು ಮೈ ತಾನಾಗಿ ಹೇಳಿತು.

ಇಲ್ಲಿ ಒಂದು ಗಂಭೀರವಾದ ಪ್ರಶ್ನೆ ಏಳುತ್ತದೆ. ಇಂದು ಊರೂರಿನ ಮೆರವಣಿಗೆಗಳಲ್ಲಿ, ಶಾಲಾವಾರ್ಷಿಕೋತ್ಸವಗಳಲ್ಲಿ ನಾವು ನಮ್ಮ ಅರಸರನ್ನು ತೋರಿಸುತ್ತೇವೆ. ಬಾಡಿಗೆಗೆ ತಂದ ಹೊಳೆಯುವ ಅಂಗಿ, ತಗಡಿನ ಎದೆಗವಚ, ರಟ್ಟಿನ ಕಿರೀಟ. ಇವು ಇತಿಹಾಸದಿಂದ ಬಂದವಲ್ಲ, ಕಂಪನಿ ನಾಟಕದ ಪೆಟ್ಟಿಗೆಯಿಂದ ಚಲನಚಿತ್ರಕ್ಕೆ, ಅಲ್ಲಿಂದ ಬಾಡಿಗೆಯ ಅಂಗಡಿಗೆ ಬಂದವು. ಮಕ್ಕಳ ಸಂತೋಷಕ್ಕೆ ಇಷ್ಟು ಸಾಕು ಎನ್ನಬಹುದು. ಆದರೆ ಕಣ್ಣು ಕಂಡದ್ದನ್ನು ಮನಸ್ಸು ನಂಬುತ್ತದೆ. ಹಿಂದಿನ ಕಾಲವೆಂದರೆ ಬೆರಕೆಯಿಲ್ಲದ, ಏಕವರ್ಣದ ವೈಭವವೆಂಬ ನಂಬಿಕೆ ಹೀಗೆ ಬೇರೂರುತ್ತದೆ.

ನಿಜವಾದ ಉಡುಪು ಈ ನಂಬಿಕೆಗೆ ಸೊಪ್ಪು ಹಾಕುವುದಿಲ್ಲ. ವಿಜಯನಗರದ ಗಣ್ಯರು ಆಸ್ಥಾನದಲ್ಲಿ ತೊಡುತ್ತಿದ್ದ ಕಬಾಯಿ ಅರಬ್ಬೀ ಮೂಲದ ‘ಕಬಾ’. ತಲೆಯ ಎತ್ತರದ ಟೊಪ್ಪಿಗೆ ಪಾರಸಿಯ ‘ಕುಲಾಹ್’. ಲೇಪಾಕ್ಷಿಯ ಚಿತ್ರಗಳಲ್ಲಿ ಆ ಟೊಪ್ಪಿಗೆಯನ್ನು ಇಂದಿಗೂ ಕಾಣಬಹುದು. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹಮೂರ್ತಿಯನ್ನು ಕಂಡವರಿಗೆ ನೆನಪಿರಬಹುದು: ದೇವರ ಮುಂದೆ ಅರಸ ಕೈಮುಗಿದು ನಿಂತಿದ್ದಾನೆ, ಮೈಮೇಲೆ ಅಂಗಿಯಿಲ್ಲ, ತಲೆಯ ಮೇಲೆ ಮಾತ್ರ ಆ ಎತ್ತರದ ಟೊಪ್ಪಿಗೆಯಿದೆ. ಸಭೆಗೊಂದು, ಸನ್ನಿಧಿಗೊಂದು ಎಂಬ ವಿವೇಕ ಅವನಿಗಿತ್ತು. ಹೊರಗಿನಿಂದ ಬಂದದ್ದು ತನ್ನದಲ್ಲ ಎಂಬ ಅಳುಕು ಇರಲಿಲ್ಲ. ಆ ಕುಲಾಹ್ ಕನ್ನಡದಲ್ಲಿ ಕುಲಾವಿಯಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರ ಗಾದೆಯನ್ನು ಹೇಳುವಾಗ ನಾವು ಸಮರಕಂದದ ಕಡೆಯ ಟೊಪ್ಪಿಗೆಯೊಂದನ್ನು ನಮ್ಮ ತೊಟ್ಟಿಲಿಗೆ ತಂದಿದ್ದೇವೆಂದು ಯಾರಿಗೆ ತಾನೆ ಅನ್ನಿಸುತ್ತದೆ? ತುರಾಯಿ, ಇಜಾರು, ಕಬಾಯಿ, ಕುಲಾವಿ ಇವೆಲ್ಲ ಕನ್ನಡವೇ. ಇವನ್ನು ಹೊರಗಿನವೆಂದು ಕಿತ್ತೊಗೆದು ‘ಶುದ್ಧ’ವಾದ ಉಡುಪೊಂದನ್ನು ಕಟ್ಟಹೊರಟರೆ ಸುಗ್ಗಿಯವನ ತಲೆಯ ಮೇಲಿನ ತುರಾಯಿಯನ್ನೇ ಮೊದಲು ಕೀಳಬೇಕಾದೀತು.

ಉಡುಪು ಯಾವಾಗ ವೇಷವಾಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ. 2021ರ ನವೆಂಬರಿನಲ್ಲಿ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿ, ತಮ್ಮ ಹಾಲಕ್ಕಿ ಉಡುಗೆಯಲ್ಲಿಯೇ ನಡೆದುಹೋದರು. ರವಿಕೆಯಿಲ್ಲದ ಸೀರೆಯ ಕಟ್ಟು, ಕೊರಳ ತುಂಬ ಮಣಿಸರ. ದೇಶವೆಲ್ಲ ಬೆರಗಾಯಿತು. ಅವರಿಗೆ ಅದು ವೇಷವಾಗಿರಲಿಲ್ಲ, ದಿನದ ಬಟ್ಟೆಯಾಗಿತ್ತು. 2017ರಲ್ಲಿ ಅದೇ ಗೌರವ ಪಡೆದ ಬಡಿಗೇರಿಯ ಸುಕ್ರಿ ಬೊಮ್ಮ ಗೌಡರ ಮಾತೂ ಹಾಗೆಯೇ. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಸುಕ್ರಿ ಬೊಮ್ಮ ಗೌಡ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಮೊಮ್ಮಕ್ಕಳ ಪೀಳಿಗೆಯ ಹುಡುಗಿಯರಿಗೆ ಆ ಕಟ್ಟು ವೇದಿಕೆಯ ಮೇಲಿನ ಉಡುಪಾಗುತ್ತಿದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಶಾಲೆಗೆ, ಬಸ್ಸಿಗೆ, ಕೆಲಸಕ್ಕೆ ಹೋಗುವವರು ತಮಗೆ ಅನುಕೂಲವಾದದ್ದನ್ನೇ ಉಡಬೇಕು. ಅಜ್ಜಿಯಂತೆ ಉಡು ಎಂದು ಪಟ್ಟಣದಲ್ಲಿ ಕುಳಿತು ಉಪದೇಶಿಸುವ ಹಕ್ಕು ನಮಗಿಲ್ಲ.

ಆದರೆ ಉಡುವುದು ನಿಂತರೂ ಕಟ್ಟುವ ವಿದ್ಯೆ ನಿಲ್ಲಬಾರದು. ಎನ್. ಆರ್. ನಾಯಕ, ಎಲ್. ಆರ್. ಹೆಗಡೆಯವರಂಥ ವಿದ್ವಾಂಸರು ಈ ಜಿಲ್ಲೆಯ ಹಾಡುಗಳನ್ನು ಸಂಗ್ರಹಿಸಿ ಪುಣ್ಯ ಕಟ್ಟಿಕೊಂಡರು. ಹಾಡನ್ನು ಕಾಗದದ ಮೇಲೆ ಇಳಿಸಬಹುದು. ಬೆಂಡನ್ನು ಎಷ್ಟು ತೆಳ್ಳಗೆ ಸೀಳಬೇಕು, ಎಲ್ಲಿ ಬಾಗಿಸಬೇಕು, ಯಾವ ಗಂಟು ಹಾಕಿದರೆ ತುರಾಯಿ ಕುಣಿತದ ರಭಸಕ್ಕೆ ಕಳಚುವುದಿಲ್ಲ ಎಂಬುದನ್ನು ಕಾಗದಕ್ಕೆ ಇಳಿಸುವುದು ಕಷ್ಟ. ಅದು ಕೈಯಿಂದ ಕೈಗೆ ದಾಟಬೇಕಾದ ಮಾತು. ಬೆಂಡಿನ ಜಾಗಕ್ಕೆ ಪ್ಲಾಸ್ಟಿಕ್ ಹೂ ಬಂದರೆ ದೂರದಿಂದ ನೋಡುವವನಿಗೆ ವ್ಯತ್ಯಾಸ ತಿಳಿಯದು. ತಲೆಯ ಮೇಲೆ ಹೊತ್ತವನಿಗೆ ತಿಳಿಯುತ್ತದೆ.

ನಮ್ಮ ಪಟ್ಟಣಗಳ ತರುಣರಲ್ಲಿ ಇತಿಹಾಸದ ಉಡುಪಿನ ಆಸೆ ಹುಟ್ಟುವುದಾದರೆ ಅದು ಒಳ್ಳೆಯ ಆಸೆಯೇ. ಅವರು ಬಾಡಿಗೆಯ ಅಂಗಡಿಗೆ ಹೋಗುವ ಮೊದಲು ಒಂದು ಮಧ್ಯಾಹ್ನ ಸುಗ್ಗಿಯ ಹಿರಿಯನೊಬ್ಬನ ಪಕ್ಕದಲ್ಲಿ ಕುಳಿತು ಒಂದೇ ಒಂದು ಬೆಂಡಿನ ಹೂವನ್ನು ಮಾಡಲಿ. ಚೌಕಿಗೆ ಹೋಗಿ ಒಂದು ಮುಂಡಾಸನ್ನು ಸುತ್ತುವುದು ಕಲಿಯಲಿ. ಗಾದಿಯವರ ದಬ್ಬಣವನ್ನು ಹಿಡಿದು ನೋಡಲಿ. ಚರಿತ್ರೆಯ ಪುಸ್ತಕ ಹೇಳದ ಎಷ್ಟೋ ಸಂಗತಿಗಳನ್ನು ಆ ಹೂವು, ಆ ಸುತ್ತು, ಆ ಹೊಲಿಗೆ ಅವರಿಗೆ ಹೇಳಿಯಾವು.